ಹಳದಿ ಸ್ವೆಟರಿನ ಎರಡು ಅಂಗುಲ

ನನ್ನ ಮಗಳು ಹುಟ್ಟಿದ ವರ್ಷ ನನ್ನ ತಾಯಿಯ ಕಣ್ಣು ಹೋಗುತ್ತಿತ್ತು. ಅದು ಆಕೆಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಪೂರ್ತಿ ಕತ್ತಲಾಗುವ ಮೊದಲು ಮೊಮ್ಮಗುವಿಗೆ ಒಂದು ಸ್ವೆಟರ್, ಒಂದು ಕುಲಾವಿ, ಒಂದು ಜೊತೆ ಕಾಲುಚೀಲಗಳನ್ನು ತನ್ನ ಕೈಯಿಂದಲೇ ಹೆಣೆದು ಮುಗಿಸಬೇಕೆಂಬುದು ಆಕೆಯ ಆಸೆಯಾಗಿತ್ತು. ಅದು ಮುಗಿಯದೆ ಹೋದದ್ದರಲ್ಲಿ ನನ್ನ ಪಾಲು ಎಷ್ಟೆಂಬುದನ್ನು ಮರೆಮಾಚದೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೇನೆ.

ತೊಂಬತ್ತರ ದಶಕದ ನಡುಭಾಗವದು. ಜೋಗುಪಾಳ್ಯದ ಎರಡು ಕೋಣೆಗಳ ಬಾಡಿಗೆ ಮನೆ ನನ್ನ ತವರು. ತಂದೆ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು. ತಾಯಿ ಹುಟ್ಟಿದ್ದು ಹೊರಮಾವಿನಲ್ಲಿ. ಆಗ ಅದು ರಾಗಿ ಹೊಲಗಳ ನಡುವಿನ ಹಳ್ಳಿ. ಆಕೆ ಶಾಲೆಯ ಮೆಟ್ಟಿಲು ಹತ್ತಿದ್ದು ಮದುವೆಯಾದ ಮೇಲೆ, ಅದೂ ದಂಡುಪ್ರದೇಶದ ಕಡೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಯಾ ಆಗಿ. ಅಲ್ಲಿ ಕಸೂತಿ, ಹೆಣಿಗೆ ಹೇಳಿಕೊಡುತ್ತಿದ್ದ ಟೀಚರಿಗೆ ಉಲ್ಲನ್ ಲಡಿಯನ್ನು ಉಂಡೆ ಸುತ್ತುವಾಗ ಎರಡು ಕೈ ಚಾಚಿ ಹಿಡಿದುಕೊಳ್ಳುವವರು ಬೇಕಿತ್ತು. ಹಾಗೆ ಹಿಡಿದು ನಿಂತು ನೋಡುತ್ತಲೇ ತಾಯಿ ಹೆಣಿಗೆ ಕಲಿತಳು, ಅನಂತರ ನನಗೂ ಕಲಿಸಿದಳು. ಆಕೆಯದು ಬಿಗಿ ಕೈ. ಆಕೆ ಹೆಣೆದ ಬಟ್ಟೆಯನ್ನು ಎಳೆದರೆ ಹಿಗ್ಗಿ ಮತ್ತೆ ಮೊದಲಿನ ಅಳತೆಗೇ ಬರುತ್ತಿತ್ತು. ನನ್ನ ಕೈ ಸಡಿಲ.

ನಮ್ಮ ವಂಶದಲ್ಲಿ ಬಿ.ಎ. ಪಾಸಾದವರಲ್ಲಿ ನಾನೇ ಮೊದಲಿಗಳು. ಇಂದಿರಾನಗರದ ಓದಿದ ಮನೆಗೆ ಸೊಸೆಯಾದದ್ದೂ ಆ ಕಾರಣಕ್ಕೇ. ಅತ್ತೆಯವರು ನಿವೃತ್ತ ಉಪಾಧ್ಯಾಯಿನಿ. ಕೆಟ್ಟವರಲ್ಲ, ಆದರೆ ಯಾವ ಕೈಕೆಲಸವನ್ನು ಕಂಡರೂ ಮೊದಲು ತಿರುಗಿಸಿ ಹಿಂಬದಿ ನೋಡುವುದು ಅವರ ಅಭ್ಯಾಸ. ನಿಶ್ಚಿತಾರ್ಥದ ದಿನ ನಾನೇ ಕಸೂತಿ ಹಾಕಿದ್ದ ಮೇಜಿನ ಹೊದಿಕೆಯನ್ನು ಎತ್ತಿ, ಮಗುಚಿ, "ಹಿಂದೆ ಗಂಟು ಜಾಸ್ತಿ ಇದೆ" ಎಂದು ನಗುತ್ತಲೇ ಹೇಳಿದ್ದರು. ಆ ಮನೆಯಲ್ಲಿ ಬಾಯಿ ತೆರೆಯುವ ಮುನ್ನ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಆಡಿ ನೋಡಿಕೊಳ್ಳುವ ರೂಢಿ ನನಗೆ ಅಂದಿನಿಂದ ಬಂತು. ತಾಯಿ ಅಲ್ಲಿಗೆ ಬಂದಾಗಲೆಲ್ಲ ಆಕೆಯ ಮಾತಿಗೂ ನಾನೇ ಹೆದರುತ್ತಿದ್ದೆ.

ಹೆರಿಗೆಗೆಂದು ನಾನು ತವರಿಗೆ ಬಂದಿದ್ದೆ. ಹೆರಿಗೆಗೆ ಮೊದಲು ಮಗುವಿಗೆಂದು ಹೊಸದೇನನ್ನೂ ಮನೆಗೆ ತರಬಾರದೆಂಬುದು ನಮ್ಮಲ್ಲಿನ ಪದ್ಧತಿ. ಹುಟ್ಟಿದ ಕೂಸನ್ನು ಮೊದಲು ಹಳೆಯ ಪಂಚೆಯಲ್ಲೇ ಸುತ್ತುತ್ತಾರೆ. ಆದ್ದರಿಂದ ತಾಯಿ ಉಲ್ಲನ್ ತಂದದ್ದು ಹನ್ನೊಂದನೆಯ ದಿನ, ಪುರುಡು ಕಳೆದ ಮೇಲೆ. ಶಿವಾಜಿನಗರದ ಓಣಿಯ ಅಂಗಡಿಗೆ ಒಬ್ಬಳೇ ಹೋಗಿಬಂದು ನನ್ನ ಮಂಚದ ಕಾಲಬಳಿ ಕುಳಿತು ಕಥೆ ಹೇಳಿದಳು.

"ಅಂಗಡಿ ಸಾಹೇಬ್ರು ಕೇಳಿದ್ರು, 'ಕ್ಯಾ ಅಮ್ಮಾ, ಮೊಮ್ಮಗೂಗಾ? ಹೆಣ್ಣಾದ್ರೆ ಪಿಂಕು, ಗಂಡಾದ್ರೆ ಬ್ಲೂ' ಅಂತ. ನಂಗೆ ನಿಂಬೆಹಣ್ಣಿನ ಬಣ್ಣ ಕೊಡಪ್ಪ ಅಂದೆ. 'ಅದ್ಯಾರಿಗೆ ಅಮ್ಮಾ?' ಅಂದ್ರು. ನಮ್ಮನೇಲಿ ಹುಟ್ಟಿರೋದೇ ನಿಂಬೆಹಣ್ಣು ಕಣಪ್ಪ ಅಂದೆ."

"ಬಿಳೀದು ತರಬಾರದಿತ್ತೇನಮ್ಮ? ಅತ್ತೆಯವರ ಮನೆಯಲ್ಲಿ ಮಕ್ಕಳಿಗೆ ಬಿಳೀದೇ ಹಾಕೋದು" ಎಂದೆ ನಾನು.

"ಬಿಳೀದು ಒಂದೇ ದಿನಕ್ಕೆ ಕೊಳೆ ಆಗುತ್ತೆ, ಬಿಡೇ."

ಹೆಣೆಯಲು ಕುಳಿತಾಗ ಆಕೆ ಮಡಿಲಿಗೆ ಒಂದು ಕಪ್ಪು ಬಟ್ಟೆ ಹಾಸಿಕೊಳ್ಳುತ್ತಿದ್ದಳು. ಉಲ್ಲನ್ ಕೊಳೆಯಾಗದಿರಲೆಂದು ಹಾಗೆ ಮಾಡುತ್ತಾಳೆಂದೇ ನಾನು ತಿಳಿದಿದ್ದೆ. ಕಪ್ಪಿನ ಮೇಲೆ ಹಳದಿ ಎದ್ದು ಕಾಣುತ್ತದೆ, ಆಕೆಗೆ ಆಗ ಕಾಣುತ್ತಿದ್ದುದು ಅಷ್ಟು ಮಾತ್ರವೆಂಬುದು ನನಗೆ ಹೊಳೆಯಲಿಲ್ಲ.

ಮೊದಲು ಮಗುವಿನ ಪಾದದ ಅಳತೆಗೆಂದು ಒಂದು ಕಾಲುಚೀಲ ಹೆಣೆದಳು. ಬೆಳಿಗ್ಗೆ ಶುರು ಮಾಡಿ ಸಂಜೆಗೆ ಮುಗಿಸಿ, ಕೊಕ್ಕೆಯ ಕ್ರೋಶಾ ಕಡ್ಡಿಯಿಂದ ಅಂಚನ್ನೂ ಕಟ್ಟಿ, ಮಗುವಿನ ಕಾಲಿಗೆ ತೊಡಿಸಿ ನೋಡಿ ನಕ್ಕಳು. ಹೆಬ್ಬೆರಳಿನ ಬಳಿ ಎರಡು ಕಡೆ ಕುಣಿಕೆ ಜಾರಿ ತೂತು ಬಿದ್ದಿತ್ತು. "ಕನ್ನಡಕ ಮಾಡಿಸ್ಕೋ ಅಮ್ಮ" ಎಂದೆ. "ಹೂಂ, ಮಾಡಿಸ್ಬೇಕು" ಎಂದಳು. ಮರುದಿನ ಸ್ವೆಟರಿನ ಹಿಂಭಾಗ ಆರಂಭಿಸಿದಳು. ಕೆಳಗಿನ ಪಟ್ಟಿ, ಎರಡು ಕುಣಿಕೆ ಸೀದಾ ಎರಡು ಉಲ್ಟಾ, ಕೈಗೆ ಎಷ್ಟೋ ವರ್ಷಗಳಿಂದ ಅಭ್ಯಾಸವಾಗಿದ್ದರಿಂದ, ಎರಡು ಅಂಗುಲ ತಪ್ಪಿಲ್ಲದೆ ಬಂತು. ಅದರ ಮೇಲೆ ಎಲೆಯ ನಮೂನೆ ಇಟ್ಟಳು. ಅಲ್ಲಿಂದ ತಪ್ಪುಗಳು ಕಾಣತೊಡಗಿದವು.

ಬಾಣಂತಿಯಾದವಳು ಕಣ್ಣಿಗೆ ಶ್ರಮ ಕೊಡಬಾರದೆಂಬ ವಿಷಯದಲ್ಲಿ ತಾಯಿ ಬಹಳ ಕಟ್ಟುನಿಟ್ಟು. ಪುಸ್ತಕ ಕೂಡದು, ಸೂಜಿ ಕೂಡದು. ಬೆಳ್ಳುಳ್ಳಿ ಕಟ್ಟಿ ತಂದ ಕಾಗದವನ್ನು ನಾನು ಬಿಡಿಸಿ ಓದುತ್ತಿದ್ದರೆ ಅದನ್ನೂ ಕಿತ್ತುಕೊಳ್ಳುತ್ತಿದ್ದಳು. "ಬಾಣಂತಿ ಕಣ್ಣು ಹಸಿ ಕಣ್ಣು ಕಣೇ. ಈಗ ಕೆಡಿಸ್ಕೊಂಡ್ರೆ ಆಮೇಲೆ ಯಾವ ಡಾಕ್ಟ್ರೂ ಕೊಡಲ್ಲ." ನನಗೂ ಮಗುವಿಗೂ ಎರೆದು, ಸಾಂಬ್ರಾಣಿ ಹಾಕಿ, ಬಟ್ಟೆ ಒಗೆದು, ಮಧ್ಯಾಹ್ನ ಸೊಪ್ಪು ತರಲು ಹಲಸೂರಿನ ಮಾರುಕಟ್ಟೆಗೆ ಹೋಗುತ್ತಿದ್ದಳು. ಹೋಗಿಬರಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಇಷ್ಟು ಹತ್ತಿರದ ದಾರಿಗೆ ಅಷ್ಟು ಹೊತ್ತೇಕೆ ಎಂದು ನಾನು ಕೇಳಲಿಲ್ಲ.

ಆ ಒಂದು ಗಂಟೆಯಲ್ಲಿ ನಾನು ಸ್ವೆಟರನ್ನು ಕೈಗೆತ್ತಿಕೊಂಡೆ. ಮೊದಲ ದಿನ ಜಾರಿದ್ದ ಒಂದು ಕುಣಿಕೆಯನ್ನು ಮೇಲೆತ್ತಿ ಸೇರಿಸಿದೆ, ಅಷ್ಟೆ. ಮಾರನೆಯ ದಿನ ಎಲೆಯೊಂದು ಸೊಟ್ಟಗಿತ್ತು. ನಾಲ್ಕು ಸಾಲು ಬಿಚ್ಚಿ ಮತ್ತೆ ಹೆಣೆದೆ. ಆಗ ಆಕೆಯ ಬಿಗಿ ಸಾಲುಗಳ ನಡುವೆ ನನ್ನ ಸಡಿಲ ಸಾಲುಗಳು ಉಬ್ಬಿಕೊಂಡು ಕಂಡವು. ಅದನ್ನು ಸರಿಪಡಿಸಲು ಇನ್ನಷ್ಟು ಬಿಚ್ಚಬೇಕಾಯಿತು. ತಾಯಿ ಪ್ರತಿದಿನ ಎಷ್ಟು ಸಾಲಿಗೆ ಬಿಟ್ಟಿರುತ್ತಿದ್ದಳೋ ಅಷ್ಟೇ ಸಾಲಿಗೆ ನಾನೂ ತಂದು ನಿಲ್ಲಿಸುತ್ತಿದ್ದೆ. ಹೀಗೆ ಐದು ವಾರ ನಡೆಯಿತು. ಹಿಂಭಾಗ, ಎರಡು ಮುಂಭಾಗ, ತೋಳುಗಳು ಮುಗಿಯುವ ಹೊತ್ತಿಗೆ ತಾಯಿಯ ಕೈ ಉಳಿದದ್ದು ಕೆಳಗಿನ ಎರಡು ಅಂಗುಲದ ಪಟ್ಟಿಯಲ್ಲಿ ಮಾತ್ರ.

ಅತ್ತೆಯವರು ತೊಟ್ಟಿಲು ಶಾಸ್ತ್ರಕ್ಕೆ ಬಂದು ಸ್ವೆಟರನ್ನು ಮಗುಚಿ ನೋಡುವರೆಂಬುದು ನನಗೆ ಖಚಿತವಾಗಿತ್ತು. ಆಗ ತಾಯಿಗೆ ಅವಮಾನವಾಗಬಾರದೆಂದೇ ಇದನ್ನು ಮಾಡುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನಾನು ಹೆದರಿದ್ದು ನನಗಾಗುವ ಅವಮಾನಕ್ಕೆ.

ತುಂಡುಗಳನ್ನು ಜೋಡಿಸಲು ಕುಳಿತ ದಿನ ತಾಯಿಗೆ ಗೊತ್ತಾಯಿತು. ಕಿಟಕಿಯ ಬಳಿ ಕುಳಿತು ಎರಡು ಅಂಚುಗಳನ್ನು ಬೆರಳ ತುದಿಯಿಂದ ಸವರುತ್ತಿದ್ದಳು. ಬೆರಳು ಪಟ್ಟಿ ದಾಟಿ ಮೇಲೆ ಹೋಗಿ ನಿಂತಿತು, ಮತ್ತೆ ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು.

"ಇದು ನನ್ ಕೈ ಅಲ್ಲ" ಎಂದಳು.

ನಾನು ಮಗುವಿಗೆ ಹಾಲುಣಿಸುತ್ತಿದ್ದೆ.

"ಇಲ್ಲಿಗಂಟ ನಂದು. ಇಲ್ಲಿಂದ ಮೇಲೆ ಯಾರ್ದು? ನೀನು ಬಿಚ್ಚಿ ಹಾಕಿದ್ಯಾ?"

"ಕೆಲವು ಕಡೆ ಜಾರಿತ್ತಮ್ಮ. ಸರಿ ಮಾಡ್ದೆ, ಅಷ್ಟೆ."

ಬೈಯುತ್ತಾಳೆಂದುಕೊಂಡೆ. ಆಕೆ ಸ್ವೆಟರನ್ನು ಅಲ್ಲೇ ಬಿಟ್ಟು ಎದ್ದು ಬಂದು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಅಯ್ಯೋ ಪಾಪಿ! ಹಸಿ ಬಾಣಂತಿ, ದಿನಾ ಕಣ್ಣಿಟ್ಕೊಂಡು ಕೂತಿದ್ಯಾ? ತಲೆ ನೋಯುತ್ತಾ? ಕಣ್ಣಲ್ಲಿ ನೀರು ಬರುತ್ತಾ? ಎಲ್ಲಿ, ತೆಗಿ, ಅಗಲ ತೆಗಿ, ನೋಡೋಣ."

ನನ್ನ ಕಣ್ಣಿನೊಳಗೆ ನೋಡಲು ಆಕೆ ತನ್ನ ಮುಖವನ್ನು ತೀರ ಹತ್ತಿರ ತಂದಳು, ಮೂಗಿಗೆ ಮೂಗು ತಾಗುವಷ್ಟು. ಆಗಲೂ ಆಕೆಯ ದೃಷ್ಟಿ ನನ್ನ ಹುಬ್ಬಿನ ಕಡೆಗಿತ್ತು. ಆ ಕ್ಷಣದಲ್ಲಿ ನನಗೆ ಅರ್ಥವಾಯಿತು.

"ನಿಂಗೆ ಕಾಣಿಸ್ತಾ ಇಲ್ವಾ ಅಮ್ಮ?"

"ಸ್ವಲ್ಪ ಸ್ವಲ್ಪ ಕಾಣುತ್ತೆ. ನರ ಒಣಗ್ತಾ ಇದೆ ಅಂದ್ರು ಡಾಕ್ಟ್ರು. ಹೋಗಿರೋದು ಬರಲ್ವಂತೆ."

"ಯಾವಾಗ ಅಂದ್ರು?"

"ನಿಂಗೆ ಏಳು ತಿಂಗಳಿದ್ದಾಗ. ಬಸುರಿ ಹೆಂಗಸಿಗೆ ಏನಂತ ಹೇಳ್ಲಿ?" ಎಂದು ನನ್ನ ತಲೆಗೆ ಕಟ್ಟಿದ್ದ ಸ್ಕಾರ್ಫನ್ನು ಸರಿಮಾಡಿದಳು. "ನಂದು ಹೆಂಗೂ ಹೋಯ್ತು. ನಿಂದು ಕೆಡಿಸ್ಕೋಬೇಡ. ನಾನು ಹಾಕಿದ್ರೆ ನೀನು ಬಿಚ್ಚಕ್ಕೆ ಕೂತ್ಕೋತೀಯ. ಸಾಕು, ಬಿಡು."

ಆ ಸಂಜೆ ಸ್ವೆಟರನ್ನು ಕೈ ಅಂದಾಜಿನಲ್ಲೇ ಹೊಲಿದು ಮುಗಿಸಿ, ಕಡ್ಡಿಗಳನ್ನೂ ಉಳಿದ ಉಲ್ಲನ್ನನ್ನೂ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದಳು. ಅದು ಕೋಪವಾಗಿದ್ದರೆ ನಾನು ಕಾಲು ಹಿಡಿದು ಇಳಿಸುತ್ತಿದ್ದೆನೇನೋ. ಆಕೆಗೆ ಕೋಪವಿರಲಿಲ್ಲ. ತನ್ನ ಕೆಲಸ ಹಗುರವಾಗಲೆಂದು ಮಗಳು ಕದ್ದು ಕಷ್ಟಪಟ್ಟಿದ್ದಾಳೆಂದೇ ನಂಬಿದ್ದಳು. ನಾನು ಆ ನಂಬಿಕೆಯನ್ನು ತಿದ್ದಲಿಲ್ಲ. ಎರಡನೆಯ ಕಾಲುಚೀಲ ಆಗಲಿಲ್ಲ. ಅಜ್ಜಿ ತೊಡಿಸಬೇಕಾದ ಕುಲಾವಿಯನ್ನು ತಂದೆಯವರು ಶಿವಾಜಿನಗರದಿಂದ ಕೊಂಡು ತಂದರು.

ಮೂರನೆಯ ತಿಂಗಳು ತೊಟ್ಟಿಲು ಶಾಸ್ತ್ರ. ಬಾಡಿಗೆಗೆ ತಂದ ಕುರ್ಚಿಗಳಲ್ಲಿ ಇಂದಿರಾನಗರದವರು ಕುಳಿತಿದ್ದರು. ಅತ್ತೆಯವರು ಮಗುವಿನ ಮೈಮೇಲಿದ್ದ ಸ್ವೆಟರನ್ನು ನೋಡಿ, ಬಿಚ್ಚಿಸಿ, ನಾನೆಣಿಸಿದಂತೆಯೇ ಮಗುಚಿದರು.

"ಪರವಾಗಿಲ್ಲವೇ! ಒಳಗೂ ಎಷ್ಟು ನೀಟಾಗಿದೆ! ನೀವೇ ಹಾಕಿದ್ರಾ?" ಎಂದು ತಾಯಿಯನ್ನು ಕೇಳಿದರು. ಅವರ ದನಿಯಲ್ಲಿ ನಿಜವಾದ ಮೆಚ್ಚುಗೆಯಿತ್ತು.

"ಇಲ್ಲ ಕಣಮ್ಮ, ನಿಮ್ಮ ಸೊಸೇನೇ ಹಾಕಿದ್ದು. ನಂದೇನಿಲ್ಲ" ಎಂದಳು ತಾಯಿ. ಹೆಮ್ಮೆಯಿಂದಲೇ ಹೇಳಿದಳು.

ಅತ್ತೆಯವರ ಮುಖ ಬದಲಾಯಿತು. "ಬಾಣಂತನದಲ್ಲಾ? ಹಸೀ ಮೈಯಲ್ಲಿ ಕಡ್ಡಿ ಹಿಡ್ಕೊಂಡು ಕೂತಿದ್ಲಾ? ನೀವು ಹೇಗ್ರೀ ಬಿಟ್ರಿ? ನಿಮ್ಮನ್ನ ನಂಬಿ ಕಳಿಸಿದ್ವಲ್ಲ. ತಿಳಿದವರು ಮಾಡೋ ಕೆಲಸಾನಾ ಇದು?"

ಕೋಣೆಯಲ್ಲಿದ್ದವರೆಲ್ಲ ತಾಯಿಯ ಕಡೆ ತಿರುಗಿದರು. ಆಕೆ ಯಾವ ಕಡೆಯಿಂದ ದನಿ ಬಂತೋ ಆ ಕಡೆಗೆ ಕೈ ಜೋಡಿಸಿ, "ತಪ್ಪಾಯ್ತಮ್ಮ" ಎಂದಳು.

ನಾನು ಅವರಿಬ್ಬರ ನಡುವೆ ಕುಳಿತಿದ್ದೆ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ಕಟ್ಟಿದೆ. ಕ್ರಿಯಾಪದದವರೆಗೆ ಸರಿಯಾಗಿಯೇ ಬಂದಿತ್ತು. ಅಷ್ಟರಲ್ಲಿ ಯಾರೋ ಆರತಿಗೆ ಕರೆದರು. ನಾನು ಮಗುವಿನ ಹೊದಿಕೆ ಸರಿಮಾಡುತ್ತ ಎದ್ದೆ.

ಮುಂದಿನ ಏಳೆಂಟು ವರ್ಷಗಳಲ್ಲಿ ತಾಯಿಯ ಕಣ್ಣು ಪೂರ್ತಿ ಹೋಯಿತು. ಮೊಮ್ಮಗಳು ಬಂದಾಗಲೆಲ್ಲ ಅವಳ ತಲೆಯಿಂದ ಕಾಲಿನವರೆಗೆ ಸವರಿ, "ಎಷ್ಟುದ್ದ ಆದ್ಯೇ ನಿಂಬೆಹಣ್ಣೇ" ಎನ್ನುತ್ತಿದ್ದಳು. ಸ್ವೆಟರಿನ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಒಮ್ಮೆ ಮಾತ್ರ, ನಾನು ಕನ್ನಡಕ ಮಾಡಿಸಿಕೊಂಡೆನೆಂದು ತಿಳಿದಾಗ, ನನ್ನ ಮುಖ ತಡವಿ, ಚೌಕಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿ, "ಆಗ್ಲೇ ಅಂದಿದ್ನಲ್ಲ, ಬಾಣಂತನದಲ್ಲಿ ಕೆಡಿಸ್ಕೊಂಡೆ" ಎಂದಳು. ವಯಸ್ಸಿಗೆ ಎಲ್ಲರಿಗೂ ಬರುವಂಥದೆಂದು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ತನ್ನ ಹೆಣಿಗೆಯಿಂದಲೇ ಮಗಳ ಕಣ್ಣು ಕೆಟ್ಟಿತೆಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೋದಳು.

ತಾಯಿ ತೀರಿಕೊಂಡ ಮರುವರ್ಷ ಮೈದುನನಿಗೆ ಗಂಡುಮಗು ಹುಟ್ಟಿತು. ಅತ್ತೆಯವರು ಬೀರುವಿನಿಂದ ಹಳದಿ ಸ್ವೆಟರನ್ನು ತೆಗೆದು ಬಿಸಿಲಿಗೆ ಹಾಕಿದ್ದರು. "ನಿನ್ನ ಕೈಕೆಲಸ ಇನ್ನೂ ಹೊಸದಿದ್ದ ಹಾಗೇ ಇದೆ ನೋಡಮ್ಮ. ಈ ಕೂಸಿಗೂ ಇದನ್ನೇ ಹಾಕೋಣ" ಎಂದರು.

ನಾನು ಅವರ ಪಕ್ಕದಲ್ಲಿ ಕುಳಿತು, ಅವರ ಬೆರಳನ್ನು ಹಿಡಿದು ಸ್ವೆಟರಿನ ಕೆಳಗಿನ ಪಟ್ಟಿಯ ಮೇಲಿಟ್ಟೆ. "ಇಷ್ಟು ನಮ್ಮಮ್ಮ ಹಾಕಿದ್ದು" ಎಂದೆ. ಅನಂತರ ಎಲ್ಲವನ್ನೂ ಹೇಳಿದೆ: ಹೋಗುತ್ತಿದ್ದ ಕಣ್ಣು, ಮಧ್ಯಾಹ್ನಗಳು, ಬಿಚ್ಚಿದ ಸಾಲುಗಳು. ಕಡ್ಡಿ ಹಿಡಿಯಬೇಡವೆಂದು ಆಕೆ ನನಗೆ ಎಷ್ಟು ಕಟ್ಟುನಿಟ್ಟು ಮಾಡಿದ್ದಳೆಂಬುದನ್ನೂ ಹೇಳಿದೆ. ವಾಕ್ಯಗಳು ಕ್ರಮವಾಗಿ ಬರಲಿಲ್ಲ.

ಅತ್ತೆಯವರು ಪಟ್ಟಿಯನ್ನು ಎಳೆದು ಬಿಟ್ಟರು. ಅದು ಹಿಗ್ಗಿ ತನ್ನ ಅಳತೆಗೆ ಮರಳಿತು. ಮೇಲಿನ ಭಾಗವನ್ನು ಎಳೆದರು. ಅದು ಹಿಗ್ಗಿದಂತೆಯೇ ಉಳಿಯಿತು.

"ನಾನು ಅವರನ್ನ ಅಷ್ಟು ಜನರ ಮುಂದೆ ಅಂದ್ಬಿಟ್ಟೆನಲ್ಲಮ್ಮ" ಎಂದರು. "ನೀನು ಅಲ್ಲೇ ಇದ್ದೆ. ಯಾಕೆ ಹೇಳ್ಲಿಲ್ಲ?"

ಅವರು ಸ್ವೆಟರನ್ನು ಮಡಿಸಿ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ, "ಇದನ್ನ ನೀನೇ ಇಟ್ಕೋ" ಎಂದು ನನ್ನ ಕೈಗೆ ಕೊಟ್ಟು ಎದ್ದುಹೋದರು.

ಅದೀಗ ನನ್ನ ಪೆಟ್ಟಿಗೆಯಲ್ಲಿದೆ. ತೂತು ಬಿದ್ದ ಒಂಟಿ ಕಾಲುಚೀಲವೂ ಅದರ ಜೊತೆಯಲ್ಲೇ ಇದೆ. ಜಾರಿದ ಆ ಎರಡು ಕುಣಿಕೆಗಳು ದಾರ ಸವೆದು ಈಗ ಇನ್ನೂ ಕೆಳಗಿಳಿದಿವೆ. ಕ್ರೋಶಾ ಕಡ್ಡಿಯಿಂದ ಎತ್ತಿ ಸೇರಿಸಲು ಹತ್ತು ನಿಮಿಷವೂ ಬೇಡ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವಾಗ ಅದನ್ನು ನೋಡುತ್ತೇನೆ, ಹಾಗೆಯೇ ಮಡಿಸಿ ಒಳಗಿಡುತ್ತೇನೆ.