ಅಮ್ಮನ ಮರದ ತುಂಡು

ಹಳೇ ಸಾಮಾನಿನ ಅಂಗಡಿಯವನಿಗೆ ಒಂದು ಜಂಬವಿತ್ತು. ಯಾರ ಮನೆಯ ಅಟ್ಟದಿಂದ ಎಂಥ ವಿಚಿತ್ರ ವಸ್ತು ಇಳಿದು ಬಂದರೂ ಒಮ್ಮೆ ತಿರುವಿ ನೋಡಿ, ಇದು ಇಂಥದ್ದೇ ಎಂದು ಹೇಳಿಬಿಡುವನು. ಹೇಳಿ ಸುಮ್ಮನಿರುವ ಆಸಾಮಿಯೂ ಅಲ್ಲ. ಟೋಪಿ ಹೊಲಿಯುವವರ ಅಚ್ಚು ಅವನ ಕೈಯಲ್ಲಿ ದೀಪದ ಬುಡವಾಗುತ್ತಿತ್ತು, ತುಕ್ಕು ಹಿಡಿದ ತಕ್ಕಡಿ ಹೂಕುಂಡವಾಗುತ್ತಿತ್ತು. ಬೀದಿಯವರು ಅವನನ್ನು ‘ಪತ್ತೇದಾರ’ ಎಂದೇ ಕರೆಯುತ್ತಿದ್ದರು.

ಅಂಥವನ ಮಾನ ಕಳೆದದ್ದು ಗೇಣುದ್ದದ ಒಂದು ಮರದ ತುಂಡು.

ಅಕ್ಕ ಮನೆ ಬದಲಿಸುವಾಗ ಸಿಕ್ಕಿದ್ದೆಂದು ಯಾರದೋ ಕೈಲಿ ಕೊಟ್ಟು ಕಳಿಸಿದ್ದಳು. ಜೊತೆಗೊಂದು ಚೀಟಿ: ‘ಅಮ್ಮಂದು. ನೀನೇ ಇಟ್ಕೋ.’ ಅಷ್ಟೇ. ಅಮ್ಮ ತೀರಿಕೊಂಡಾಗ ಇವನಿಗೆ ಎರಡು ವರ್ಷ. ಮುಖ ನೆನಪಿಲ್ಲ, ಫೋಟೋ ಇಲ್ಲ, ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದಳು ಎಂಬ ಒಂದು ಮಾತು ಬಿಟ್ಟರೆ ಅವಳದೆನ್ನುವುದು ಇವನ ಬಳಿ ಏನೂ ಇರಲಿಲ್ಲ. ಈಗ ಇದೊಂದು ಬಂದಿತ್ತು. ಬಂದದ್ದು ಏನೆಂದು ತಿಳಿಯದೆ ಜೀವ ಹಿಂಡತೊಡಗಿತು.

ತುಂಡಿನ ತುದಿ ಚೂಪಾಗಿ ಕೆಳಕ್ಕೆ ಬಾಗಿತ್ತು. ಬಲಮಗ್ಗುಲಲ್ಲಿ ನುಣ್ಣನೆಯ ಒಂದು ಕುಳಿ. ಹೆಣೆದ ಬೆತ್ತವನ್ನು ಒತ್ತಿ ಬಿಗಿ ಮಾಡುವ ಸಾಧನವೇ ಇರಬೇಕೆಂದು ಮೊದಲ ದಿನವೇ ಹೊಳೆದಿತ್ತು. ಹಿಡಿದು ನೋಡಿದ. ಹೆಬ್ಬೆರಳಿಗೆ ಆಸರೆಯೇ ಇಲ್ಲ, ಕುಳಿ ಉಳಿದ ಬೆರಳುಗಳ ಕಡೆ ಹೋಗಿ ಒತ್ತುತ್ತಿತ್ತು. ಕೈಗೆ ಕೂರದ್ದು ಕೈಯ ಸಾಧನವಲ್ಲ. ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಇವನು ಹೇಳಿಕೊಂಡು ಬಂದ ಪಾಠವೇ ಅದು. ಸರಿ, ಬೆತ್ತದ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಅದನ್ನು ಚರ್ಮಕ್ಕೆ ಗೀರು ಹಾಕುವ ಕಡ್ಡಿ ಅಂದ, ಬೀಜ ನೆಡಲು ತೂತು ಮಾಡುವ ಗೂಟ ಅಂದ. ಯಾವುದೂ ಹೊಂದಲಿಲ್ಲ. ಮೂರು ವಾರ ಊಟಕ್ಕೆ ಕೂತಾಗಲೂ ಪಕ್ಕದಲ್ಲಿ ಅದೇ.

“ಅತ್ತಿಗೆಗೆ ಒಂದು ಫೋನ್ ಮಾಡಿ ಕೇಳಬಾರದಾ?” ಎಂದಳು ಹೆಂಡತಿ.

“ಊರವರೆಲ್ಲ ನನ್ನ ಕೇಳ್ತಾರೆ. ನಮ್ಮಮ್ಮನ ಸಾಮಾನು ಏನೂಂತ ನಾನು ಇನ್ನೊಬ್ಬರನ್ನ ಕೇಳಲಾ?”

“ಇನ್ನೊಬ್ಬರಲ್ಲ, ನಿಮ್ಮಕ್ಕ.”

“ಬೇಡ ಅಂದೆನಲ್ಲ.”

ಕೊನೆಗೆ ತಲೆ ಕೆಟ್ಟುಹೋಯಿತು. ಏನಾದರೂ ಆಗಿರಲಿ, ದಿನಾ ಕೈ ತಾಗುವ ಕಡೆ ಇರಲಿ ಎಂದುಕೊಂಡು ಅದನ್ನು ಅಂಗಡಿ ಬಾಗಿಲಿನ ಹಿಡಿ ಮಾಡಿದ. ಕುಳಿ ಅಸಹ್ಯವಾಗಿ ಕಂಡದ್ದರಿಂದ ಮರದ ಪುಡಿಗೆ ಗೋಂದು ಕಲಸಿ ತುಂಬಿ, ಉಜ್ಜಿ, ಪಾಲಿಶ್ ಹೊಡೆದ. ಮುಖ ಕಾಣುವಷ್ಟು ಹೊಳೆಯಿತು.

ಮುಂದಿನ ವಾರ ಅಕ್ಕ ಬಂದಳು. ಬಾಗಿಲು ತೆಗೆಯಲು ಕೈ ಇಟ್ಟವಳು ಅಲ್ಲೇ ನಿಂತಳು.

“ಇಲ್ಲೊಂದು ಕುಳಿ ಇತ್ತಲ್ಲೋ.”

“ಮುಚ್ಚಿದೆ. ಏನಕ್ಕ ಅದು, ಹಾಳಾದ್ದು?”

“ಬೆತ್ತ ಒತ್ತೋದು. ಇನ್ನೇನು?”

“ಆಗಲ್ಲಕ್ಕ. ಹಿಡಿದು ನೋಡಿದ್ದೀನಿ, ಕೈಗೇ ಕೂರಲ್ಲ.”

“ಯಾವ ಕೈಗೆ?”

ಅವನು ಬಲಗೈ ಮುಂದೆ ಚಾಚಿದ.

“ಅಮ್ಮ ಎಡಚಿ ಕಣೋ,” ಎಂದಳು ಅಕ್ಕ. “ಒತ್ತಿ ಒತ್ತಿ ಅವಳ ಹೆಬ್ಬೆರಳೇ ತೋಡಿದ ಕುಳಿ ಅದು. ಅದಕ್ಕೇ ನಿನಗೆ ಕಳಿಸಿದ್ದು. ನೀನೂ ಒಂದು ಸಲ ಬೆರಳಿಡಲಿ ಅಂತ.”

ಅವನಿಗೆ ತನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಿರುಪು ಬಿಚ್ಚಿ ತುಂಡನ್ನು ಎಡಗೈಗೆ ತೆಗೆದುಕೊಂಡ. ನಾಲ್ಕು ಬೆರಳೂ ತಾವಾಗಿ ಜಾಗ ಹಿಡಿದವು. ಹೆಬ್ಬೆರಳು ಮಾತ್ರ ಪಾಲಿಶಿನ ಮೇಲೆ ಜಾರಿತು. ಉಗುರಿನಿಂದ ಕೆರೆದ, ಉಳಿಯಿಂದ ಮೀಟಿದ. ಅವನೇ ಗಿರಾಕಿಗಳಿಗೆ ಹೇಳುತ್ತಿದ್ದ ಹಾಗೆ, ಆ ಗೋಂದು ಒಮ್ಮೆ ಹಿಡಿದರೆ ಈ ಜನ್ಮದಲ್ಲಿ ಬಿಡುವುದಲ್ಲ.