ದೊಡ್ಡಪ್ಪನ ಬಲಗಣ್ಣು, ಡಿಪೋದ ಆರು ಹಲಗೆ

ನಮ್ಮ ದೊಡ್ಡಪ್ಪ ಬಾಗಿಲು ಮಾಡುವ ಬಡಗಿ. ಹಲಗೆಯ ತುದಿಯನ್ನು ಕೆನ್ನೆಯ ಮಟ್ಟಕ್ಕೆ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಅಂಚಿನುದ್ದಕ್ಕೂ ನೋಡಿ ಸೊಟ್ಟ ಎಂದರೆ ಮುಗಿಯಿತು. ಸ್ಕೇಲು ಇಟ್ಟು ನೋಡಲು ಹೋದವರಿಗೆ ಬೈಗುಳ ಕಟ್ಟಿಟ್ಟ ಬುತ್ತಿ. ಹದಿನಾಲ್ಕು ವರ್ಷದಿಂದ ಅವರ ಅಂಗಡಿಯಲ್ಲಿ ಪಾಲಿಶ್ ಹೊಡೆಯುತ್ತಿದ್ದರೂ ಹಲಗೆ ಎತ್ತಿ ನೋಡುವ ಅಧಿಕಾರ ನನಗಿರಲಿಲ್ಲ. "ನಿನ್ನ ಕಣ್ಣು ಬಣ್ಣಕ್ಕೆ, ನನ್ನ ಕಣ್ಣು ಗೆರೆಗೆ" ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಹಟಕ್ಕೆ ಬಿದ್ದರೆ ಯಾರಪ್ಪನ ಮಾತೂ ಕೇಳುವವರಲ್ಲ.

ಹೋದ ವರ್ಷ ಮರದ ಡಿಪೋದಿಂದ ಆರು ಹಲಗೆ ಬಂದವು. ಆರೂ ನಡುವೆ ಉಬ್ಬಿವೆ ಎಂದು ದೊಡ್ಡಪ್ಪ ರೇಗಿದರು. ಎರಡರ ಉಬ್ಬು ತೆಗೆಯಲು ಉಜ್ಜುಗೊರಡು ಹಿಡಿದರು. ಉಜ್ಜಿದಂತೆಲ್ಲ ನನ್ನ ಕಣ್ಣಿಗೆ ನಡುವೆ ತಗ್ಗು ಕಾಣುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಉಳಿದ ನಾಲ್ಕನ್ನು ಡಿಪೋಗೆ ವಾಪಸು ಹೊರಿಸಿಕೊಂಡು ಹೋಗಿ, ಗಿರಾಕಿಗಳ ಎದುರೇ ಡಿಪೋ ಯಜಮಾನರ ಮೇಲೆ ಹರಿಹಾಯ್ದರು.

"ಮೂವತ್ತು ವರ್ಷದ ಗೆಳೆಯನಿಗೇ ಟೋಪಿ ಹಾಕ್ತೀಯೇನೋ, ಕಳ್ಳ!"

"ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ" ಎಂದರು ಯಜಮಾನರು. ಇಬ್ಬರೂ ದಿನಾ ಸಂಜೆ ಒಟ್ಟಿಗೆ ಕುಡಿಯುತ್ತಿದ್ದ ಚಹಾ ಅಂದಿಗೆ ನಿಂತಿತು.

ವಾರದ ನಂತರ ನಮ್ಮ ಅಂಗಡಿಯ ಬಾಗಿಲ ಚೌಕಟ್ಟೇ ಅವರಿಗೆ ಡೊಂಕಾಗಿ ಕಂಡಿತು. ಅವರೇ ಕೂರಿಸಿದ ಚೌಕಟ್ಟು. ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ಎಡಗಣ್ಣಿಗೆ ನೆಟ್ಟಗಿತ್ತು, ಬಲಗಣ್ಣಿಗೆ ಬಾಗಿತ್ತು. ಪೊರೆ ಬಂದಿರಬೇಕು ಎಂದುಕೊಂಡು ನನ್ನನ್ನು ಕರೆದುಕೊಂಡು ಕಣ್ಣಿನ ಆಸ್ಪತ್ರೆಗೆ ಹೊರಟರು.

ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ ಬಹಳ ಹೊತ್ತು ನೋಡಿದರು. ಆಮೇಲೆ, "ಕೆಮ್ಮು ಇದೆಯಾ?" ಎಂದರು.

"ನಾನು ಬಂದಿರೋದು ಕಣ್ಣಿಗೆ, ತಾಯಿ."

"ಗೊತ್ತು. ಕೆಮ್ಮು ಇದೆಯಾ?"

"ದಿನವೆಲ್ಲ ಮರದ ಪುಡಿ ಕುಡಿಯೋನಿಗೆ ಕೆಮ್ಮು ಇಲ್ದೆ ಇರುತ್ತಾ?"

ಕಣ್ಣೊಳಗಿನ ಪರದೆಯಾದ ಅಕ್ಷಿಪಟಲದ ಹಿಂದೆ ಗಂಟು ಬೆಳೆದು ಅದನ್ನು ಮುಂದಕ್ಕೆ ತಳ್ಳುತ್ತಿತ್ತು; ಅದಕ್ಕೇ ನೇರ ಗೆರೆ ಬಾಗಿ ಕಾಣುತ್ತಿದ್ದದ್ದು. ಆ ಗಂಟು ಕಣ್ಣಲ್ಲೇ ಹುಟ್ಟಿದ್ದಲ್ಲ, ಬೇರೆಡೆಯ ಕ್ಯಾನ್ಸರ್ ರಕ್ತದಲ್ಲಿ ಬಂದು ಸೇರಿರುವಂತಿದೆ ಎಂದರು ಡಾಕ್ಟರಮ್ಮ. ಎದೆಯ ಸ್ಕ್ಯಾನ್‌ನಲ್ಲಿ ಅದರ ಮೂಲ ಸಿಕ್ಕಿತು, ಶ್ವಾಸಕೋಶದಲ್ಲಿ. ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ, ಅದೂ ನನ್ನನ್ನು: "ಹಾಗಾದ್ರೆ ಹಲಗೆ ನೆಟ್ಟಗಿತ್ತಾ?"

ಹೌದೆಂದು ತಲೆಯಾಡಿಸಿದೆ. ಅಳು ತಡೆಯಲಾಗಲಿಲ್ಲ.

"ಅವತ್ತು ಬಾಯಿ ಬಿಡದೆ ಈಗ ಅಳ್ತೀಯಲ್ಲೇ" ಎಂದು ಗದರಿದರು.

ಎದೆಗೆ ಔಷಧಿ ಶುರುವಾಯಿತು, ಕಣ್ಣಿಗೆ ಎರಡು ವಾರ ರೇಡಿಯೇಷನ್ ಕೊಟ್ಟರು. ಇರುವ ದೃಷ್ಟಿ ಉಳಿಯಬಹುದು, ಕಾಯಿಲೆ ಪೂರ್ತಿ ವಾಸಿಯಾಗುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ದೊಡ್ಡಪ್ಪ ಅದನ್ನು ನುಂಗಿಕೊಂಡರು. ನುಂಗಲಾಗದ್ದು ಡಿಪೋದಲ್ಲಿ ಆಡಿದ ಮಾತು. ಯಜಮಾನರಿಗೆ ಫೋನ್ ಮಾಡಿ ಎಂದು ನಾನೆಂದರೆ, "ಎದುರಿಗೆ ಬೈದೋನು ಎದುರಿಗೇ ಹೋಗ್ಬೇಕು" ಎಂದರು.

ಒಂದು ಬೆಳಿಗ್ಗೆ ಇಬ್ಬರೂ ಹೋದೆವು. ಡಿಪೋದಲ್ಲಿ ಗಿರಾಕಿಗಳಿದ್ದರು. ಯಜಮಾನರು ತಲೆ ಎತ್ತಲಿಲ್ಲ. ನಮ್ಮ ನಾಲ್ಕು ಹಲಗೆ ಇನ್ನೂ ಗೋಡೆಗೆ ಒರಗಿದ್ದವು. ದೊಡ್ಡಪ್ಪ ಒಂದನ್ನೆತ್ತಿ ಅಭ್ಯಾಸಬಲದಿಂದ ಬಲಕೆನ್ನೆಗೆ ತಂದರು. ಅಲ್ಲೇ ನಿಲ್ಲಿಸಿ, ನನ್ನ ಕೈಗೆ ಕೊಟ್ಟರು.

"ನೋಡು."

ಎಡಗಣ್ಣು ಮುಚ್ಚಿದೆ. ಅಂಚಿನುದ್ದಕ್ಕೂ ನೋಡಿದೆ. "ನೆಟ್ಟಗಿದೆ, ದೊಡ್ಡಪ್ಪ."

"ಇವಳು ನೆಟ್ಟಗಿದೆ ಅಂದ್ಲು. ಹಾಗಾದ್ರೆ ನೆಟ್ಟಗಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ನಿನ್ನನ್ನ ಕಳ್ಳ ಅಂದೆ. ಕೆಟ್ಟಿದ್ದು ನನ್ನ ಕಣ್ಣು. ತಪ್ಪಾಯ್ತು ಕಣೋ."

ಯಜಮಾನರು ಮೂಗೊರೆಸಿಕೊಂಡು ನನ್ನತ್ತ ತಿರುಗಿದರು. "ಉಳಿದ ಮೂರನ್ನೂ ನೋಡಿಬಿಡಮ್ಮ. ಇವನು ಮತ್ತೆ ತಗಾದೆ ತೆಗೆಯೋದು ಬೇಡ."

ನಾನು ಎರಡನೆಯದನ್ನು ಎತ್ತಿಕೊಂಡೆ. ದೊಡ್ಡಪ್ಪ ಎರಡೂ ಕಣ್ಣು ಮುಚ್ಚಿ ಕಾಯುತ್ತಿದ್ದರು.