ಗಾಣದೆತ್ತು ಕಟ್ಟಿಕೊಂಡು ಧಬಧಬೆಗೆ

ಬೆಲ್ಲದ ಬಾಗೇವಾಡಿಯ ಗಾಣಿಗರ ಪರಸಪ್ಪನಷ್ಟು ಪ್ರಯಾಣ ಮಾಡಿದ ಮನುಷ್ಯ ಹುಕ್ಕೇರಿ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಮೂವತ್ತಾರರವರೆಗೆ ಆತ ಗಾಣದ ಹಲಗೆಯ ಮೇಲೆ ಕೂತು ಎತ್ತಿನ ಹಿಂದೆ ಸುತ್ತಿದ ಸುತ್ತುಗಳನ್ನು ಬಿಚ್ಚಿ ನೆಟ್ಟಗೆ ಹಾಸಿದರೆ ಕಾಶಿಗೆ ಹೋಗಿ ಬಂದು, ಊಟ ಮಾಡಿ, ಮತ್ತೆ ಹೋಗಬಹುದಿತ್ತು. ಊರ ಅಗಸಿಯನ್ನು ದಾಟಿದ್ದು ಮಾತ್ರ ಎರಡೇ ಸಲ. ಒಮ್ಮೆ ತನ್ನ ಮದುವೆಗೆ. ಇನ್ನೊಮ್ಮೆ ಊರಿಗೆ ಮೊದಲ ಮೋಟಾರು ಬಂದಾಗ, ಅದಕ್ಕಿಂತ ಮುಂದೆ ಮುಂದೆ ಓಡುತ್ತ.

ಆತನನ್ನು ಅಂಜುಬುರುಕ ಎಂದರೆ ಉಳಿದ ಅಂಜುಬುರುಕರಿಗೆ ಅವಮಾನ. ಹಲ್ಲಿ, ಗುಡುಗು, ಪೋಲೀಸು, ಎತ್ತರದ ಕಟ್ಟೆ ಎಲ್ಲಕ್ಕೂ ಆತನಲ್ಲಿ ಸಾಕಷ್ಟು ಭಯವಿತ್ತು. ಆದರೆ ಅದರ ಮುಕ್ಕಾಲು ಪಾಲನ್ನು ಮೂರು ಮಕ್ಕಳಿಗೆಂದೇ ಮೀಸಲಿಟ್ಟಿದ್ದ. ಅಲ್ಲವ್ವನಿಗೆ ಎಂಟು ವರ್ಷ, ಕೇದಾರಿಗೆ ಐದು, ಸತ್ತೆವ್ವನಿಗೆ ಎರಡೂವರೆ. ಇವರಲ್ಲಿ ಯಾರಾದರೂ ಸೀನಿದರೆ ಪರಸಪ್ಪ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಳ್ಳುತ್ತಿದ್ದ.

ಸಾವಿರದ ಒಂಬೈನೂರ ಮೂವತ್ತಾರರ ಶ್ರಾವಣ ಮುಗಿಯುತ್ತಿದ್ದಾಗ ಗಾಣದ ಒರಳು ಸೀಳಿತು. ಬಡಿಗ ಮೂರು ದಿನ ಬೇಕೆಂದ. ಹೆಂಡತಿ ಕಾಶೆವ್ವ ಆ ಸಂಜೆಯೇ ತೀರ್ಪು ಕೊಟ್ಟಳು.

"ಗಾಣ ನಿಂತೈತಿ. ಹುಡುಗರಿಗೆ ಗೋಕಾಕದ ಧಬಧಬಿ ತೋರಿಸ್ಕೊಂಡು ಬರೂಣು. ನೂಲಿನ ಮಿಲ್ಲಿನ ಕಡೆ ನಮ್ಮಕ್ಕ ಅದಾಳ, ಒಂದಿನ ಇದ್ದು ಬಂದ್ರಾತು."

"ಧಬಧಬಿ ಅಂದ್ರ ಏನಂತ ತಿಳದಿ? ಹೊಳಿ ಕಾಲ್ಜಾರಿ ಬೀಳೂ ಜಾಗಾ ಅದು! ಅಷ್ಟ ದೊಡ್ಡ ಹೊಳೀನ ಬೀಳ್ತೈತಿ ಅಂದಮ್ಯಾಲ ನಿನ್ನ ಸತ್ತೆವ್ವ ನಿಂದಿರ್ತಾಳನು?"

"ಹಂಗಾರ ನೀವು ಮನ್ಯಾಗ ಇರ್ರಿ. ನಾ ಕರಕೊಂಡ ಹೊಕ್ಕೀನಿ."

ಮಕ್ಕಳು ಕಣ್ಣಿಗೆ ಕಾಣದಂತೆ ಅಪಾಯದಲ್ಲಿರುವುದು ಇನ್ನೂ ಭಯಂಕರ. ಪರಸಪ್ಪ ಸೋತ. ಆದರೆ ಒಂದು ಪ್ರತಿಜ್ಞೆ ಮಾಡಿದ: ಮೂವರನ್ನು ಒಯ್ದು ಮೂವರನ್ನೇ ತಿರುಗಿ ತರುವೆನು, ಕೂದಲೂ ಕೊಂಕದಂತೆ.

ಮರುದಿನವೆಲ್ಲ ದಂಡಯಾತ್ರೆಯ ಸಿದ್ಧತೆ. ಯುದ್ಧಮಂತ್ರಿಯಾಗಿ ಪಕ್ಕದ ಮನೆಯ ನಬಿಸಾಬನನ್ನು ಕರೆಸಲಾಯಿತು. ಯಮಕನಮರಡಿಯಿಂದ ಗೋಕಾಕದವರೆಗೆ ಬಳೆ ಮಾರಿಕೊಂಡು ತಿರುಗಿದ ಮನುಷ್ಯ ಅವನು. ಆತನ ಒಂಟೆತ್ತಿನ ಗಾಡಿಯೇ ಈ ಯಾತ್ರೆಯ ರಥ. ಅವನ ಎತ್ತಿನ ಗೊರಸು ನೋಯುತ್ತಿದ್ದುದರಿಂದ ಗಾಣದ ಎತ್ತು ಹಂಡ್ಯಾನನ್ನೇ ಕಟ್ಟಬೇಕಾಗಿತ್ತು.

"ದಾರ್ಯಾಗ ಏನೇನ ಅಂಜಿಕಿ ಅದಾವು, ಮುಚ್ಚಿಡದ ಹೇಳು," ಎಂದ ಪರಸಪ್ಪ.

ನಬಿಸಾಬ ಗಡ್ಡ ನೀವಿಕೊಂಡ. ಇಂಥ ಶ್ರೋತೃ ದಿನಾ ಸಿಗುವುದಿಲ್ಲ. "ಏನಿಲ್ಲೋ ಪರಸ್ಯಾ. ಧಬಧಬಿ ಇನ್ನ ಒಂದ ಮೈಲಿ ಇರೂಮುಂದ ಹಾಸುಬಂಡಿ ಬರ್ತೈತಿ. ಬಲಕ್ಕ ಕಮರಿ. ಕಲ್ಲ ಒಗದ್ರ ಬಿದ್ದ ಸಪ್ಪಳಾ ಕೇಳಾಕ ಒಂದ ಎಲಿ-ಅಡಿಕಿ ತಿಂದ ಮುಗಸ್ಬೇಕು. ಆಮ್ಯಾಗ ಅಲ್ಲೇ ಎದುರಿಂದ ಮೋಟಾರ ಬರ್ತೈತಿ. ಹಾರ್ನ ಹೊಡದ್ರ ಎತ್ತು ಬೆದರ್ತಾವ. ಹೋದ ವರ್ಷ..."

"ಸಾಕ ಮಾಡು!" ಎಂದು ಪರಸಪ್ಪ ಕಿವಿ ಮುಚ್ಚಿಕೊಂಡ.

ಕಮರಿಗೆ ಉತ್ತರ ಹಗ್ಗ. ಮೂರೂ ಮಕ್ಕಳ ನಡುವಿಗೆ ಹಗ್ಗ ಸುತ್ತಿ ಗಾಡಿಯ ಗೂಟಕ್ಕೆ ಕಟ್ಟುವುದು, ಅದೂ ಗಾಣದ ಗಂಟು, ಎಳೆದಷ್ಟೂ ಬಿಗಿಯುವಂಥದು. ಕಾಶೆವ್ವನನ್ನೂ ಕಟ್ಟುವ ಆಲೋಚನೆಯಿತ್ತು, ಆಕೆಯ ಮುಖ ನೋಡಿ ಕೈಬಿಟ್ಟ. ಮೋಟಾರಿಗೆ ಉತ್ತರವಾಗಿ ಅವನಿಗೆ ಹೊಳೆದದ್ದು ಪರಮಾಸ್ತ್ರ. ಗಾಣದಲ್ಲಿ ತಲೆ ತಿರುಗದಿರಲೆಂದು ಎತ್ತಿಗೆ ಕಟ್ಟುವ ತೊಗಲಿನ ಕಣ್ಣುಪಟ್ಟಿಯನ್ನು ಜೊತೆಗೆ ಒಯ್ಯುವುದು. ಮೋಟಾರಿನ ಸದ್ದು ಕೇಳಿದೊಡನೆ ಹಂಡ್ಯಾನ ಕಣ್ಣಿಗೆ ಕಟ್ಟಿಬಿಡುವುದು. ಕಾಣದ ಮೋಟಾರಿಗೆ ಯಾವ ಎತ್ತು ಅಂಜೀತು? ನಬಿಸಾಬನೂ ಭಲೇ ಎಂದ.

ನಸುಕಿನಲ್ಲಿ ಐವರೂ ಹೊರಟರು; ನಬಿಸಾಬ ತನ್ನ ಕುಂಟು ಎತ್ತಿನ ಜೊತೆ ಊರಲ್ಲೇ ಉಳಿದ. ರೊಟ್ಟಿ, ಶೇಂಗಾ ಹಿಂಡಿ, ಬಿಸಿಲಿಗೆ ಉಳ್ಳಾಗಡ್ಡಿ, ದೃಷ್ಟಿಗೆ ಮೆಣಸಿನಕಾಯಿ. ಪರಸಪ್ಪ ನೊಗದ ಹಿಂದಿನ ಮೂಕಿಯ ಮೇಲೆ ಕೂತು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಗಾಡಿಯನ್ನು ಹಿಡಿದುಕೊಂಡು, ಪ್ರತಿ ಹರದಾರಿಗೂ ಹಿಂತಿರುಗಿ ಮಕ್ಕಳ ತಲೆ ಮುಟ್ಟಿ ನೋಡುತ್ತಿದ್ದ.

"ಅಪ್ಪಾ, ನಾವೇನ ಕರುಗಳನು?" ಎಂದು ಕೇದಾರಿ ಹಗ್ಗ ಜಗ್ಗಿ ಕೇಳಿದ. ಗಂಟು ಇನ್ನಷ್ಟು ಬಿಗಿಯಿತು.

ಮೂರನೇ ಪ್ರಹರಕ್ಕೆ ಹಾಸುಬಂಡೆ ಬಂತು. ದೂರದಲ್ಲಿ ನೀರಿನ ಮೊರೆತ. ಬಲಕ್ಕೆ ನಬಿಸಾಬನ ಕಮರಿ, ಒಂದಂಗುಲವೂ ಸುಳ್ಳಿಲ್ಲದೆ. ಅದೇ ಗಳಿಗೆಗೆ ತಿರುವಿನಾಚೆ ಹಾರ್ನು ಕೇಳಿತು.

ಪರಸಪ್ಪ ಗಾಡಿಯನ್ನು ರಸ್ತೆಯಿಂದ ಬಂಡೆಯ ಮೇಲಕ್ಕೆ ಹೊರಳಿಸಿ, ಹಾರಿ ಇಳಿದು, ಕಣ್ಣುಪಟ್ಟಿ ಬಿಗಿದು, ಮತ್ತೆ ಮೂಕಿಯನ್ನೇರಿ ಕಣ್ಣು ಮುಚ್ಚಿದ. ಮೋಟಾರು ಧೂಳೆಬ್ಬಿಸಿ ಹೋಯಿತು. ಹಂಡ್ಯಾ ಕಿವಿಯನ್ನೂ ಅಲುಗಿಸಲಿಲ್ಲ.

"ನೋಡಿದ್ಯಾ ಕಾಶೀ!" ಎಂದು ವೀರ ಗರ್ಜಿಸಿದ.

ಹಂಡ್ಯಾನಿಗೆ ಅಷ್ಟೇ ಬೇಕಾಗಿತ್ತು. ಕಣ್ಣು ಕತ್ತಲಾಗಿದೆ, ಹಿಂದೆ ಒಡೆಯ ಕೂತಿದ್ದಾನೆ, ಕೂಗಿಯೂ ಆಯಿತು. ಒಂಬತ್ತು ವರ್ಷದಿಂದ ಇದಕ್ಕೆ ಒಂದೇ ಅರ್ಥ. ಅದು ಬಲಕ್ಕೆ ತಿರುಗಿ, ಇಲ್ಲದ ಗಾಣವನ್ನು ಸುತ್ತತೊಡಗಿತು.

ಮೊದಲ ಸುತ್ತು ಬಂಡೆಯ ನಡುವೆಯೇ ಮುಗಿಯಿತು. ಎರಡನೆಯದು ಇಳಿಜಾರಿಗೆ ಜಾರಿತು. ಪರಸಪ್ಪ ಹಗ್ಗ ಜಗ್ಗಿದ. ಕಣ್ಣು ಕಟ್ಟಿದ ಮೇಲೆ ಗಾಣದ ಎತ್ತಿಗೆ ಹಗ್ಗದ ಭಾಷೆ ಏನು ಗೊತ್ತು? "ಹೋ! ಹೋ! ನಿಂದರೋ!" ಎಂದು ಅರಚಿದ. ಗಾಣದ ಮನೆಯಲ್ಲಿ ಅರಚಿದರೆ ಬೇಗ ನಡೆ ಎಂದೇ ಅರ್ಥ. ಹಂಡ್ಯಾ ಬೇಗ ನಡೆಯಿತು. ಹೆಚ್ಚು ಹೆದರಿದಷ್ಟೂ ಹೆಚ್ಚು ಕೂಗಿದ, ಕೂಗಿದಷ್ಟೂ ಗಾಡಿ ಕಮರಿಯ ಕಡೆ ವಾಲಿತು.

"ಬಿಚ್ಚ ಕಾಶೀ, ಹುಡುಗರನ್ನ ಬಿಚ್ಚ!"

"ಏನ ಗಂಟ ಹಾಕೀರಿ ಇದು, ನಿಮ್ಮ ಕೈಗೆ..." ಕಾಶೆವ್ವ ಹಲ್ಲಿನಿಂದ ಕಡಿಯುತ್ತಿದ್ದಳು. ಅವಳ ಬಾಯಲ್ಲಿ ರಕ್ತ. ಗಂಟು ಸಡಿಲಲಿಲ್ಲ. ಸತ್ತೆವ್ವ ಅಳುವುದನ್ನೂ ಮರೆತು ಬಾಯಿ ತೆರೆದಿದ್ದಳು. ಬಲಗಾಲಿಯಡಿಯಿಂದ ಒಂದು ಕಲ್ಲು ಹಾರಿ ಹೋಯಿತು. ಅದು ಬಿದ್ದ ಸದ್ದು ಯಾರಿಗೂ ಕೇಳಲಿಲ್ಲ. ತನ್ನ ಕೈಯಾರೆ ಮೂವರನ್ನೂ ಸಾವಿಗೆ ಕಟ್ಟಿ ತಂದೆನೆಂಬುದು ಪರಸಪ್ಪನಿಗೆ ಆಗ ಗೊತ್ತಾಯಿತು. ಆತ ಗಾಡಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡ.

"ಅಪ್ಪಾ, ಇಳಿ!" ಅಲ್ಲವ್ವ ಕಿರುಚಿದಳು. "ನಾ ಹಲಗಿ ಬಿಟ್ಟ ಇಳದ್ರ ಹಂಡ್ಯಾ ನಿಲ್ಲತೈತಲ್ಲಾ! ನೀ ಇಳೀ!"

ಹೌದು. ಪರಸಪ್ಪ ಊಟಕ್ಕೆ ಎದ್ದಾಗ ಹಲಗೆಯ ಮೇಲೆ ಕೂರುತ್ತಿದ್ದವಳು ಅವಳೇ. ಭಾರ ಇಳಿದರೆ ಗಾಣ ನಿಲ್ಲುತ್ತದೆ. ಹಂಡ್ಯಾ ಕಲಿತ ಎರಡನೆಯ ಪಾಠ ಅದು. ಆದರೆ ಇಳಿಯುವುದೆಂದರೆ ಮಕ್ಕಳನ್ನು ಬಿಟ್ಟು ಇಳಿಯುವುದು. ಎತ್ತು ನಿಲ್ಲದಿದ್ದರೆ ಆತನೊಬ್ಬ ಬಂಡೆಯ ಮೇಲೆ ಉಳಿಯುತ್ತಾನೆ.

ಬೆರಳುಗಳು ಬಿಡಲೊಲ್ಲವು. ಒಂದೊಂದನ್ನೇ ಬಿಡಿಸಿಕೊಂಡು, ಬಾಯಿ ಮುಚ್ಚಿ, ಪರಸಪ್ಪ ಬಿದ್ದುಬಿಟ್ಟ. ಅದನ್ನು ಹಾರುವುದು ಎನ್ನಲಾಗದು.

ಹಂಡ್ಯಾ ನಿಂತಿತು. ಬಲಗಾಲಿಗೂ ಅಂಚಿಗೂ ಒಂದು ರೊಟ್ಟಿಯಷ್ಟು ಜಾಗವಿತ್ತು. ದಿನದ ಕೆಲಸ ಮುಗಿಯಿತೆಂದು ತಿಳಿದ ಎತ್ತು ಹಿಂಡಿಗಾಗಿ ನಾಲಿಗೆ ಚಾಚಿತು.

ಹುಲ್ಲು ಹೊತ್ತು ಆ ದಾರಿಯಲ್ಲಿ ಬಂದವನೊಬ್ಬನ ಕುಡಗೋಲು ಇಸಿದುಕೊಂಡು ಹಗ್ಗವನ್ನು ಕತ್ತರಿಸಿದರು. ಉಳಿದ ಒಂದು ಮೈಲಿಯನ್ನು ಮಕ್ಕಳು ತಾಯಿಯ ಕೈ ಹಿಡಿದು ನಡೆದರು. ಪರಸಪ್ಪ ಬರಿಗಣ್ಣಿನ ಹಂಡ್ಯಾನ ಮೂಗುದಾಣ ಹಿಡಿದು, ಮೊಣಕಾಲು ತರಚಿಕೊಂಡು, ಹಿಂದೆ ಬಂದ.

ಧಬಧಬೆಯನ್ನು ಎಲ್ಲರೂ ಕಂಡರು, ಪರಸಪ್ಪನೊಬ್ಬನನ್ನು ಬಿಟ್ಟು. ಆತ ನೂರು ಮಾರು ದೂರದ ಬೇವಿನ ಮರದ ಕೆಳಗೆ ತೊಗಲಿನ ಕಣ್ಣುಪಟ್ಟಿಯನ್ನು ತನ್ನ ಕಣ್ಣಿಗೇ ಕಟ್ಟಿಕೊಂಡು ಕೂತಿದ್ದ. ಬಹಳ ಹೊತ್ತಿನ ಮೇಲೆ ತೊಯ್ದ ಕೈಯೊಂದು ಹೆಗಲು ಮುಟ್ಟಿತು.

"ಅಪ್ಪಾ, ಬಿಚ್ಚು. ಮೂರೂ ಮಂದಿ ಬಂದೀವಿ," ಎಂದಳು ಅಲ್ಲವ್ವ.

ಆತ ಪಟ್ಟಿ ಬಿಚ್ಚಲಿಲ್ಲ. ಕೈಚಾಚಿ ತಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಮೂರೂ ಇದ್ದವು, ಮೂರೂ ಒದ್ದೆಯಾಗಿದ್ದವು. ಆಗ ನೆಗಡಿಯ ಭಯ ಹತ್ತಿತು.